ಬೈಯುವ ಭಾರ

ಕನಕಪುರದ ಸಿಮೆಂಟ್ ಅಂಗಡಿಯ ಮಹಡಿ ಮೇಲೆ ಜಿಮ್ಮು ಶುರುವಾದಾಗ ಸೇರಿದವರೆಲ್ಲ ಹೆಣ್ಣು ನೋಡಲು ಹೋಗುವ ಮುಂಚೆ ಎದೆ ಉಬ್ಬಿಸಿಕೊಳ್ಳಬೇಕೆಂದಿದ್ದ ಹುಡುಗರು. ನನ್ನ ಸೋದರಮಾವ ಮಾತ್ರ ಐವತ್ತರ ಹತ್ತಿರ ಬಂದಮೇಲೆ ಸೇರಿದ. ಕಾರಣ ಹೇಳಿದರೆ ನೀವು ನಂಬಲಾರಿರಿ: ಅವನ ತಾಯಿ ದಪ್ಪಗಾಗುತ್ತಿದ್ದಳು!

ತಾಯಿ ಎಂದರೆ ನನ್ನ ಅಜ್ಜಿ. ಸೊಂಟ ಮುರಿದುಕೊಂಡ ಮೇಲೆ ನಡೆಯುವುದು ನಿಂತಿತ್ತು. ಆದರೆ ಬೆಳಗಾದರೆ ಜಗಲಿ ಮೇಲೆ ಕೂರಲೇಬೇಕು. ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಎದ್ದಮೇಲೆ ನಮ್ಮೂರ ರಸ್ತೆಯಲ್ಲಿ ಓಡುವ ಬಸ್ಸುಗಳ ಮೇಲ್ವಿಚಾರಣೆಯನ್ನು ಆಕೆ ತಾನಾಗಿಯೇ ವಹಿಸಿಕೊಂಡಿದ್ದಳು. ಒಂದು ದಿನ ಒಳಗೇ ಮಲಗಿಸಿದರೆ ಊಟ ಬಿಟ್ಟು ಗೋಡೆ ಕಡೆ ತಿರುಗಿಕೊಳ್ಳುವಳು. ಆದ್ದರಿಂದ ಮಾವ ದಿನಾ ತನ್ನ ಫ್ಯಾಕ್ಟರಿ ಬಸ್ಸು ಹತ್ತುವ ಮೊದಲು ಅವಳನ್ನು ಎರಡು ಕೈಯಲ್ಲಿ ಎತ್ತಿ, ಹೊಸ್ತಿಲು ದಾಟಿಸಿ, ಜಗಲಿಗೆ ತರುತ್ತಿದ್ದ. ಗಾಲಿಕುರ್ಚಿ ತರೋಣವೆಂದರೆ ಅಜ್ಜಿ ಒಪ್ಪಬೇಕಲ್ಲ?

“ಹೊರೋನು ಗುಂಡ್ಕಲ್ನಂಗೆ ಇರೋವಾಗ ಗಾಡಿ ಯಾಕ್ಲಾ?”

ಹೊರುವುದೇನೋ ಸರಿ. ಆದರೆ ಸಂಜೆ ಬರುವಾಗ ಬೋಂಡ ತರುತ್ತಿದ್ದವನೂ ಅವನೇ, ಅವಳ ಮುದ್ದೆಗೆ ಇನ್ನೊಂದು ಸೌಟು ಕೋಳಿಸಾರು ಬಿಡಿಸುತ್ತಿದ್ದವನೂ ಅವನೇ. ಅತ್ತೆ ಒಂದು ದಿನ ತಡೆಯಲಾರದೆ ಹೇಳಿದಳು: “ಒಸಿ ಕಮ್ಮಿ ತಿನ್ಸಿ. ಎತ್ತೋರು ನೀವೇ ತಾನೆ?”

“ಅವ್ವನ್ನ ಕರಗ್ಸೋದಾ? ಅದ್ಕಿಂತ ನಾನೇ ಉಬ್ತೀನಿ ಬುಡು.”

ಉಬ್ಬಲು ಹೋದ. ಅಲ್ಲಿ ಕಲಿಸುವವನು ಕೊಟ್ಟ ಕಬ್ಬಿಣದ ಸಲಾಕೆಯನ್ನು ಎತ್ತಿಳಿಸಿ, ಮೊದಲ ದಿನವೇ ತಕರಾರು ತೆಗೆದ.

“ಇದು ಬಾಯ್ಮುಚ್ಕೊಂಡು ಮ್ಯಾಕ್ ಬತ್ತದೆ. ನಮ್ಮವ್ವ ಒದ್ದಾಡ್ಕೊಂಡು, ಬೈಕೊಂಡು ಬತ್ತಾಳೆ. ಅಂಥ ಭಾರ ಯಾವ್ದಾನಾ ಮಡ್ಗಿದ್ದೀರಾ?”

ಮಡಗಿರಲಿಲ್ಲ. ಅದಕ್ಕೇ ಮನೆಯಲ್ಲಿ ರಾಗಿಮೂಟೆ ಅಪ್ಪಿಕೊಂಡು ಹಿತ್ತಲಲ್ಲಿ ಓಡಾಡತೊಡಗಿದ. ಮೂಟೆಗೆ ಹಳೆಯ ಸೀರೆ ಬೇರೆ ಸುತ್ತಿದ್ದ. ಸೀರೆ ಕೈಯಲ್ಲಿ ಜಾರುತ್ತದಲ್ಲ, ಅದೂ ಅಭ್ಯಾಸವಾಗಲಿ ಎಂದು. ಇದನ್ನು ಬೇಲಿಯಾಚೆಯಿಂದ ಕಂಡವರು ಊರಲ್ಲಿ ಏನೇನು ಹೇಳಿಕೊಂಡು ತಿರುಗಿದರೋ, ನಾನು ಬರೆಯಲಾರೆ.

ಫ್ಯಾಕ್ಟರಿಯಲ್ಲಿ ಪೆಟ್ಟಿಗೆ, ಜಿಮ್ಮಿನಲ್ಲಿ ಸಲಾಕೆ, ಹಿತ್ತಲಲ್ಲಿ ಮೂಟೆ, ಮೇಲೆ ಅಜ್ಜಿ. ಯಾವ ಭುಜ ತಾನೇ ತಡೆದೀತು? ಬಲಭುಜ ಮುಷ್ಕರ ಹೂಡಿತು. ಅಂಗಿ ತೊಡಲು ಅತ್ತೆ ಬೇಕು, ತಲೆ ಬಾಚಲು ಅತ್ತೆ ಬೇಕು. ಅಜ್ಜಿಯನ್ನು ಮಾತ್ರ ನರಳಿಕೊಂಡಾದರೂ ತಾನೇ ಎತ್ತುತ್ತಿದ್ದ. ಎಕ್ಕದೆಲೆಗೆ ಹರಳೆಣ್ಣೆ ಸವರಿ, ಬಿಸಿಮಾಡಿ ಕಟ್ಟಿದ್ದಾಯಿತು. ಉಪ್ಪಿನ ಗಂಟಿನ ಶಾಖವೂ ಆಯಿತು. ಮುಲಾಮಿನ ವಾಸನೆಗೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಯಿತು. ಆರಾಮವಾಗಿ ಕೂರಬಹುದೆಂದು ಮಾವ ಅದನ್ನೂ ಲಾಭಕ್ಕೇ ಹಾಕಿಕೊಂಡ.

ಕೊನೆಗೆ ನಾನೇ ಅವನನ್ನು ಫಿಸಿಯೋಥೆರಪಿಯ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದೆ. ಆಕೆ ತೋಳನ್ನು ಅತ್ತಿತ್ತ ತಿರುಗಿಸಿ ನೋಡಿದರು. “ಮೂಳೆಗೇನೂ ಆಗಿಲ್ಲ. ಅತಿಯಾಗಿ ದುಡಿಸಿದ್ದೀರಿ. ಭಾರ ಎತ್ತೋದನ್ನ ಸ್ವಲ್ಪ ದಿನ ಬಿಡಿ,” ಎಂದರು.

“ಜಿಮ್ ಬುಟ್ಟೆ, ಮೂಟೆ ಬುಟ್ಟೆ. ಅವ್ವನ್ನ ಹೆಂಗ್ ಬುಡ್ಲಿ, ಮೇಡಮ್ಮು?”

ಆಕೆ ನಕ್ಕುಬಿಟ್ಟರು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು. ಎತ್ತುವಾಗ ಮಂಡಿ ಬಗ್ಗಿಸಿ, ಅಮ್ಮನನ್ನು ಎದೆಗೆ ಒತ್ತಿಕೊಂಡೇ ಎದ್ದು ನಿಲ್ಲಬೇಕೆಂದರು. ಒಂದು ದಿನ ಬಿಟ್ಟು ಒಂದು ದಿನ ಬೇರೆಯವರು ಎತ್ತಲಿ ಎಂದೂ ಸೇರಿಸಿದರು. ಬೇರೆಯವರು ಎಂದರೆ ನಾನು. ಎತ್ತಿದೆ. ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ಅಜ್ಜಿ, “ಇವನ್ಗೆ ಮೀಸೆ ಬಂದೈತೆ, ತೋಳು ಬಂದಿಲ್ಲ. ಇಳ್ಸ್ಲಾ,” ಎಂದಳು. ಅಲ್ಲಿಗೆ ನನ್ನ ಸೇವೆ ಮುಗಿಯಿತು.

ಗೋಡೆಯ ಮೇಲೆ ಮಾವನ ಬೆರಳು ದಿನೇದಿನೇ ಮೇಲೇರಿತು. ಮಳೆಗಾಲ ಮುಗಿಯುವ ಹೊತ್ತಿಗೆ ತೋಳು ಪೂರಾ ಎದ್ದಿತು.

“ಅಮ್ಮನ್ನ ಎತ್ತುವಾಗಲೂ ನೋವಿಲ್ವಾ?” ಎಂದು ಡಾಕ್ಟರಮ್ಮ ಕೇಳಿದರು.

“ಇಲ್ಲ,” ಎಂದ. ಆಕೆಗೆ ಖುಷಿಯೋ ಖುಷಿ. ಇವನ ಮುಖ ಮಾತ್ರ ಬಾಡಿತ್ತು. ಹೊರಗೆ ಬಂದಮೇಲೆ ನನಗೆ ರೇಗಿತು.

“ಏನ್ ಮಾವ, ನೋವು ಹೋದ್ರೂ ಅಳು ಮೋರೆ ಹಾಕ್ತೀಯಲ್ಲ?”

“ನೋವು ಔಸ್ದಿಗೆ ಹೋಗಿಲ್ಲ ಕಣ್ಲಾ. ಅವ್ವ ಹಗೂರ ಆಗವ್ಳೆ.”

ಆಗ ನೆನಪಾಯಿತು. ಬೋಂಡವನ್ನು ಅಜ್ಜಿ ಮುಟ್ಟದೆ ನಾಯಿಗೆ ಹಾಕುತ್ತಿದ್ದಳು. ಮುದ್ದೆ ಅರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು. ನಾವೆಲ್ಲ ಅವಳನ್ನು ದಿನಾ ನೋಡುತ್ತಲೇ ಇದ್ದೆವು. ಗೊತ್ತಾಗಿದ್ದು ಮಾತ್ರ ಅವನ ಭುಜಕ್ಕೆ.

ಮಾರನೆಯ ಬೆಳಗ್ಗೆ ಮಾವ ಅಜ್ಜಿಯನ್ನು ಎತ್ತಿಕೊಂಡು ನೇರ ಜಗಲಿಗೆ ಬರಲಿಲ್ಲ. ಹಿತ್ತಲಿಗೆ ಹೋದ, ಕೊಟ್ಟಿಗೆ ಸುತ್ತಿದ, ನುಗ್ಗೆಮರದ ಕೆಳಗೆ ಸುಮ್ಮನೆ ನಿಂತ. ರಸ್ತೆಯಲ್ಲಿ ಅವನ ಫ್ಯಾಕ್ಟರಿ ಬಸ್ಸು ಹಾರನ್ ಹೊಡೆಯುತ್ತಿತ್ತು.

“ಜಗ್ಲಿ ಎಲ್ಲೈತೆ ಅನ್ನೋದೇ ಮರ್ತೋಯ್ತೇನ್ಲಾ? ಬಸ್ಸು ಹೊಂಟೋಯ್ತದೆ, ಮುಟ್ಠಾಳ,” ಎಂದು ಅಜ್ಜಿ ಬೈದಳು. ಅವಳ ದನಿಯೂ ಇಳಿದಿತ್ತು.

ಮಾವ ಅವಳನ್ನು ಎದೆಗೆ ಇನ್ನಷ್ಟು ಒತ್ತಿಕೊಂಡ.

“ಹೋದ್ರೆ ಹೋಗ್ಲಿ ಬುಡವ್ವ. ನೀನು ಒಸಿ ಜೋರಾಗಿ ಬೈಯಿ.”