ಬೀಳದೆ ಜಾರಿದ ನಮ್ಮ ಮಾವ

ನಮ್ಮ ಸೋದರಮಾವ ಜಾರಿದವರು. ಅಯ್ಯೋ, ತಪ್ಪು ತಿಳಿಯಬೇಡಿ! ನಡತೆಯಲ್ಲಿ ಅವರು ಅಪ್ಪಟ ಚಿನ್ನ. ಅವರು ಜಾರಿದ್ದು ಕಾಶ್ಮೀರದ ಹಿಮದ ಗುಡ್ಡದಲ್ಲಿ, ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು, ಅದೂ ಬರೀ ಖುಷಿಗಾಗಿ. ಆದರೆ ಇಷ್ಟೆಲ್ಲ ವಿವರಿಸುವ ತಾಳ್ಮೆ ಅವರಿಗೆಲ್ಲಿ? ತಮ್ಮೂರು ಗೋವಿನಕೋವಿಯ ಬಸ್ ಸ್ಟಾಪಿನ ಹೋಟೆಲಿನಲ್ಲಿ ಎಲ್ಲರೆದುರು ಎದೆಯುಬ್ಬಿಸಿ, "ನಾನು ಅಲ್ಲಿದ್ದಾಗ ರಜಾ ಸಿಕ್ಕಿದ್ರೆ ಸಾಕು, ಜಾರಾಕೆ ಹೋಗ್ತಿದ್ದೆ ಕಣ್ರಿ" ಎಂದುಬಿಡುತ್ತಿದ್ದರು. ಈ ಸುದ್ದಿ ಮನೆಗೆ ಬಂದಾಗ ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು. "ಜಾರಿದ್ದನ್ನ ಮುಚ್ಚಿಡೋ ಗಂಡಸ್ರನ್ನ ಕಂಡೀನಿ. ಊರಿಗೆಲ್ಲ ಡಂಗುರ ಹೊಡಿಯೋರು ಇವರೊಬ್ರೇ!"

ಮಾವ ಮಿಲಿಟರಿಯಲ್ಲಿ ಲಾರಿ ಡ್ರೈವರ್ ಆಗಿದ್ದು, ಎಪ್ಪತ್ತರ ದಶಕದ ಕೊನೆಯಲ್ಲಿ ಪೆನ್ಷನ್ ಪಡೆದು ಊರಿಗೆ ಬಂದಿದ್ದರು. ನನಗಾಗ ಹೊನ್ನಾಳಿಯಲ್ಲಿ ಹೊಸ ಕೆಲಸ, ಊಟ ವಸತಿ ಮಾವನ ಮನೆಯಲ್ಲಿ. ಹೀಗಾಗಿ ಅವರ ಹಿಮಪುರಾಣದ ಖಾಯಂ ಶ್ರೋತೃ ನಾನೇ. ಪುರಾಣದ ಕೊನೆಗೆ ತಪ್ಪದೆ ಒಂದು ಘೋಷಣೆ ಬರುತ್ತಿತ್ತು: "ಅಷ್ಟು ಜಾರಿದೀನಿ ಅಳಿಯ, ಒಂದೇ ಒಂದ್ಸಲ ಬಿದ್ದಿಲ್ಲ!"

ಅಡುಗೆಮನೆಯಿಂದ ಕೂಡಲೇ ಉತ್ತರ ಬರುತ್ತಿತ್ತು. "ಬೀಳದೆ ಜಾರಿದೋರು ಎಲ್ಲಾದ್ರೂ ಉಂಟೇನ್ರಿ? ಅದಕ್ಕೇ ನಾನು ನಂಬಲ್ಲ."

ಊರೂ ನಂಬುತ್ತಿರಲಿಲ್ಲ, ಆ ಮಾತು ಬೇರೆ. "ಫೋಟೋ ಐತೇನ್ರಿ ಸಾಹೇಬ್ರೇ?" ಎಂದು ಹೋಟೆಲಿನವನು ಕೇಳಿದರೆ, "ಜಾರೋನು ಫೋಟೋ ತೆಗೆಸಿಕೊಳ್ಳಾಕೆ ನಿಂತ್ಕೊಂತಾನೇನಯ್ಯ?" ಎಂದು ಮಾವ ಗದರಿ ಸುಮ್ಮನಾಗಿಸುತ್ತಿದ್ದರು. ಆದರೆ ಅತ್ತೆಯ "ನಂಬಲ್ಲ" ಎಂಬ ಮಾತು ಬಿದ್ದ ಮೇಲೆ ಮಾವನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಂಡತಿಯ ಬಾಯಲ್ಲಿ ಒಮ್ಮೆ "ನಿಜ" ಎನ್ನಿಸಬೇಕು! ಅವರ ನಿವೃತ್ತ ಜೀವನಕ್ಕೆ ಇದ್ದದ್ದು ಇದೊಂದೇ ಗುರಿ.

'ಜಾರುವುದು' ಎಂಬ ಪದ ಮಾನ ಕಳೆಯುತ್ತಿದೆ ಎಂದು ಗೊತ್ತಾದ ಮೇಲೆ ಮಾವ ಇಂಗ್ಲಿಷಿಗೆ ಶರಣಾದರು. ಒಂದು ಸಂಜೆ ಹೋಟೆಲಿನಲ್ಲಿ, "ನಮ್ಮೂರೋರಿಗೂ ಸ್ಕೀ ಕಲಿಸಬೇಕು ಅಂತಿದೀನಿ" ಎಂದರು.

"ಸ್ಕೀಮಾ? ಯಾವ ಇಲಾಖೇದು ಸಾಹೇಬ್ರೇ?"

"ಸ್ಕೀಮಲ್ಲಯ್ಯ, ಸ್ಕೀ! ಕಾಲಿಗೆ ಹಲಗೆ ಕಟ್ಕೊಳ್ಳೋದು."

"ಹಲಗೆ ಸರ್ಕಾರದೋರೇ ಕೊಡ್ತಾರೋ, ನಾವೇ ತರಬೇಕೋ?"

ಮರುದಿನ ಬೆಳಿಗ್ಗೆ ನೋಡಿದರೆ ಮನೆಯ ಮುಂದೆ ರೇಷನ್ ಕಾರ್ಡ್ ಹಿಡಿದವರ ಸಾಲು! ಮಾವ ಹಿತ್ತಲ ಬಾಗಿಲಿನಿಂದ ಪಾರಾದರು. ಅತ್ತೆ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು, "ಸ್ಕೀಮಿನ ಸಾಹೇಬ್ರು ಈಗಷ್ಟೇ ಜಾರಿದ್ರು, ನಾಳೆ ಬರ್ರಿ" ಎಂದು ಕಳಿಸಿದರು. ಅಂದಿನಿಂದ ಊರಿಗೆಲ್ಲ ಅವರು ಸ್ಕೀಮ್ ಸಾಹೇಬ್ರೇ ಆದರು.

ಶಿಷ್ಯರು ಸಿಗದಿದ್ದರೆ ಗುರು ಸುಮ್ಮನಿರುತ್ತಾನೆಯೇ? ಪಾಠಕ್ಕೆ ನಾನು ಸಿಕ್ಕೆ. "ಕಾಲು ಎರಡೂ ಸೊಂಟದಷ್ಟು ಅಗಲ ಇಡು. ಮಂಡಿ ಒಂಚೂರು ಮಡಿಸು. ಕೈ ಎರಡೂ ಮುಂದೆ, ತಟ್ಟೆ ಹಿಡಿದಂಗೆ. ಕಣ್ಣು ದೂರ ಇರ್ಲಿ, ಕಾಲ್ಬೆರಳು ನೋಡಿದೆಯೋ ಕೆಟ್ಟೆ! ಮೈಭಾರ ಪಾದದ ನಡುವೆ." ನಾನು ಜಗಲಿಯ ಮೇಲೆ ಹಾಗೆ ನಿಂತರೆ ತೊಡೆಯಲ್ಲಿ ಉರಿ ಹತ್ತುತ್ತಿತ್ತು. "ಉರೀತೈತಾ? ಹಂಗಾದ್ರೆ ಹಿಂದಕ್ಕೆ ವಾಲಿದೀಯ. ಇಳಿಜಾರು ಕಂಡ ಕೂಡ್ಲೇ ಹೆದರಿಕೆ ಮನುಷ್ಯನ್ನ ಹಿಂದಕ್ಕೆ ಎಳೀತೈತೆ. ಹಿಂದಕ್ಕೆ ವಾಲಿದೋನಿಗೆ ಹಲಗೆ ಮಾತು ಕೇಳಲ್ಲ, ತೊಡೆ ಒಂದೇ ದುಡಿದು ಸಾಯ್ತೈತೆ. ಮುಂದಕ್ಕೆ ಬಾ!" ಮುಂದಕ್ಕೆ ಬಂದರೆ ಜಗಲಿಯಿಂದ ಕೆಳಕ್ಕೆ!

ಇನ್ನು ತಿರುಗುವ ಪಾಠವಂತೂ ಕೇಳಲೇಬೇಡಿ. "ಬಲಕ್ಕೆ ತಿರುಗಬೇಕಂದ್ರೆ ಎಡಗಾಲಿಗೆ ಭಾರ ಹಾಕು, ಎಡಕ್ಕೆ ತಿರುಗಬೇಕಂದ್ರೆ ಬಲಗಾಲಿಗೆ." ಇದನ್ನು ಕೇಳಿಸಿಕೊಂಡ ಅತ್ತೆ, "ಈಗ ಅರ್ಥ ಆಯ್ತು ಬಿಡ್ರಿ, ಬೆಲ್ಲ ತರಾಕೆ ಕಳಿಸಿದ್ರೆ ಉಪ್ಪು ಯಾಕೆ ತರ್ತೀರಿ ಅಂತ" ಎಂದರು.

ಒಮ್ಮೆ ಮಾವನ ಜೊತೆ ಬಸ್ಸಿನಲ್ಲಿ ಹೊನ್ನಾಳಿಗೆ ಹೊರಟಿದ್ದೆ. ಸೀಟು ಖಾಲಿಯಿದ್ದರೂ ಮಾವ ಕೂರಲಿಲ್ಲ, ಕಂಬಿಯನ್ನೂ ಹಿಡಿಯಲಿಲ್ಲ. ಮಂಡಿ ಮಡಿಸಿ, ಕೈ ಮುಂದೆ ಚಾಚಿ, ನಡುದಾರಿಯಲ್ಲಿ ನಿಂತರು. ಕಂಡಕ್ಟರ್, "ಯಜಮಾನ್ರೇ, ಹೊಟ್ಟೆನೋವೇನ್ರಿ? ಬಸ್ ನಿಲ್ಲಿಸಬೇಕಾ?" ಎಂದು ಕಾಳಜಿಯಿಂದ ಕೇಳಿದ. ಅಷ್ಟರಲ್ಲಿ ಅಡ್ಡ ಬಂದ ಎಮ್ಮೆಗಾಗಿ ಡ್ರೈವರ್ ಬ್ರೇಕ್ ಹಾಕಿದ ನೋಡಿ! ಕಂಬಿ ಹಿಡಿದವರೂ ಮುಗ್ಗರಿಸಿದರು, ಕಂಡಕ್ಟರನ ಚೀಲ ಎಲ್ಲೋ, ಅವನೆಲ್ಲೋ. ಮಾವ ಮಾತ್ರ ನಿಂತಲ್ಲೇ ತೂಗಿ ಮತ್ತೆ ನೆಟ್ಟಗಾದರು. ನನಗೂ ಆ ಕ್ಷಣ ಅನುಮಾನ ಬಂತು, ಈ ಮನುಷ್ಯ ನಿಜಕ್ಕೂ ಜಾರಿರಬಹುದೇ? ಹೊನ್ನಾಳಿಯಲ್ಲಿ ನಿಂತ ಬಸ್ಸಿನಿಂದ ಇಳಿಯುವಾಗ ಮಾವ ಮೆಟ್ಟಿಲು ತಪ್ಪಿ ಒಬ್ಬ ಅಜ್ಜಿಯ ಸೊಪ್ಪಿನ ಬುಟ್ಟಿಯಲ್ಲಿ ಕೂತರು. "ಇದು ಬೀಳೋದಲ್ಲ, ಇಳಿಯೋದು" ಎಂದರು.

ಸಾಕ್ಷಿಗೆ ಹಿಮ ಬೇಕು, ಹಿಮಕ್ಕೆ ಕಾಶ್ಮೀರಕ್ಕೆ ಹೋಗಬೇಕು. ಆದರೆ ಮಾವನ ತಲೆಯೇನು ಸಾಮಾನ್ಯವೇ? ನಾಟಿಗೆ ಮುಂಚೆ ಗದ್ದೆಯ ಕೆಸರನ್ನು ಮಟ್ಟ ಮಾಡಲು ಎತ್ತಿಗೆ ಕಟ್ಟಿ ಎಳೆಸುವ ಹಲಗೆ ಕಣ್ಣಿಗೆ ಬಿತ್ತು. ಅತ್ತೆಯನ್ನು ಒತ್ತಾಯ ಮಾಡಿ ಬದುವಿನ ಮೇಲೆ ಕೂರಿಸಿ, ಹಲಗೆಯ ಮೇಲೆ ಹತ್ತಿ ನಿಂತರು. ಎರಡೂ ಕೈಯಲ್ಲಿ ಬಿದಿರುಕೋಲು. ಆಹಾ, ಏನು ಭಂಗಿ! ಎತ್ತು ಹೊರಟವು, ಮಾವ ತೇಲಿದರು. ಕೆಲಸದವರು ಶಿಳ್ಳೆ ಹೊಡೆದರು. ಶಿಳ್ಳೆಗೆ ಎತ್ತು ಬೆದರಿ ಓಡಿದವು. ನಿಲ್ಲಬೇಕಾದರೆ ಹಿಮ್ಮಡಿ ಹೊರಗೆ, ಹೆಬ್ಬೆರಳು ಒಳಗೆ ಮಾಡಬೇಕೆಂದು ಶಾಸ್ತ್ರ. ಮಾವ ಶಾಸ್ತ್ರೋಕ್ತವಾಗಿ ಹಾಗೇ ಮಾಡಿದರು. ಆದರೆ ಎತ್ತುಗಳು ಶಾಸ್ತ್ರ ಓದಿರಲಿಲ್ಲವಲ್ಲ! ಹಲಗೆ ಬದುವಿಗೆ ಬಡಿದು ನಿಂತಿತು, ಮಾವ ನಿಲ್ಲದೆ ಕಾಲುವೆ ಸೇರಿದರು. ಕೆಸರಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು.

"ಬಿದ್ರಲ್ರೀ!" ಎಂದರು ಅತ್ತೆ, ನಗು ತಡೆಯಲಾರದೆ.

"ನಾನೆಲ್ಲಿ ಬಿದ್ದೆ? ಎತ್ತು ಬೀಳಿಸಿದ್ವು!"

ಇಷ್ಟು ನಕ್ಕಿದ್ದ ಅತ್ತೆಯೇ ಮುಂದಿನ ಮಳೆಗಾಲದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಶಿವಮೊಗ್ಗದ ಆಸ್ಪತ್ರೆ, ಹಾಸಿಗೆ, ಪಟ್ಟಿ ಎಲ್ಲ ಆಯಿತು. ಮೂಳೆ ಕೂಡಿದೆ, ಇನ್ನು ನಡೆಯದಿದ್ದರೆ ಕಾಲು ಸೊರಗಿ ಹಾಗೇ ಉಳಿದುಬಿಡುತ್ತದೆ ಎಂದರು ಡಾಕ್ಟರು. ಆದರೆ ಅತ್ತೆ ಏಳಲು ಒಪ್ಪಲಿಲ್ಲ. ಹಿಡಿದು ನಿಲ್ಲಿಸಿದರೆ ಮೈ ಹಿಂದಕ್ಕೆ ವಾಲುತ್ತಿತ್ತು, ಕಣ್ಣು ಕಾಲ ಬುಡದಲ್ಲೇ ನೆಟ್ಟಿರುತ್ತಿತ್ತು. "ನನ್ನ ಬಿಟ್ಟುಬಿಡ್ರಪ್ಪಾ, ಮತ್ತೆ ಬಿದ್ದೇನು" ಎಂದು ಅಳುತ್ತಿದ್ದರು. ಮನೆಯ ಜೀವವೇ ಹೋದಂತಾಗಿತ್ತು. ಮಾವ ಜಾರುವ ಮಾತನ್ನೇ ನಿಲ್ಲಿಸಿಬಿಟ್ಟರು.

ಒಂದು ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಹೋದವನು ಬಾಗಿಲಲ್ಲೇ ನಿಂತೆ. ಮಾವ ಅತ್ತೆಯ ಎರಡೂ ಕೈ ಹಿಡಿದು ಎದುರು ನಿಂತಿದ್ದರು. ಅದೇ ಭಂಗಿ, ಅದೇ ಮಡಿಸಿದ ಮಂಡಿ.

"ಕೆಳಗೆ ನೋಡಬ್ಯಾಡ, ನನ್ನ ಮುಖ ನೋಡು. ಮಂಡಿ ಸಡಿಲ ಬಿಡು. ಹಿಂದಕ್ಕೆ ವಾಲಬ್ಯಾಡ, ನನ್ನ ಕಡೆ ಬಾ."

"ಬೀಳ್ತೀನಿ ಕಣ್ರೀ!"

"ಬಿದ್ರೆ ಬೀಳು. ಏಳಾಕಾಗಲ್ವಾ?"

"ನಿಮಗೇನು ಗೊತ್ತು? ನೀವು ಯಾವತ್ತೂ ಬಿದ್ದೋರಲ್ಲವಲ್ಲ!"

ಮಾವ ಮೆಲ್ಲಗೆ ಹೇಳಿದರು. "ಬಿದ್ದಿದೀನಿ ಕಣೇ. ಹೋದಾಗೆಲ್ಲ ಬಿದ್ದಿದೀನಿ. ಮೊದಲನೇ ದಿನ ಎಲ್ಲರೂ ನಗಾಕೆ ಹತ್ತಿದ್ರು, ನಾನು ಹಿಮದಾಗೆ ಮುಖ ಮುಚ್ಕೊಂಡು ಅತ್ತುಬಿಟ್ಟೆ. ಒಬ್ಬನೇ ಎದ್ದೆ. ಕೈ ಹಿಡಿಯೋರು ಯಾರೂ ಇರ್ಲಿಲ್ಲ. ನಿಂಗೆ ನಾನಿದೀನಲ್ಲ, ಬಾ."

ಅತ್ತೆ ಅವರ ಮುಖವನ್ನೇ ನೋಡಿದರು. ನೋಡುತ್ತಲೇ ಕಾಲು ಕಿತ್ತು ಮುಂದಿಟ್ಟರು. ಮಾವ ಹಿಂದಕ್ಕೆ ಸರಿದರು. ಇನ್ನೊಂದು ಹೆಜ್ಜೆ, ಮತ್ತೊಂದು. ಹಾಗೇ ತುಳಸಿಕಟ್ಟೆಯವರೆಗೂ ಬಂದು, ಕಟ್ಟೆ ಹಿಡಿದು ಕೂತು, ಏದುಸಿರು ಬಿಡುತ್ತಾ ಅತ್ತೆ ನಕ್ಕರು. ಎಷ್ಟು ದಿನವಾಗಿತ್ತು ಆ ನಗು ಕೇಳಿ!

"ಹಂಗಾದ್ರೆ ನೀವು ಜಾರಿದ್ದು ನಿಜಾನೇ ಬಿಡ್ರಿ" ಎಂದರು.

ಇಡೀ ಬಸ್ಸು ಮುಗ್ಗರಿಸಿದಾಗ ಬೀಳದೆ ನಿಂತಿದ್ದ ಮಾವ ಈಗ ಅಲ್ಲೇ ಅತ್ತೆಯ ಪಕ್ಕ ಕುಸಿದು ಕೂತರು.