ನಲವತ್ತು ದಿನದ ಕೂಸು

ನಮ್ಮ ಕಾಕಿಗೆ, ಅಂದರೆ ಕಾಕಾನ ಹೆಂಡತಿಗೆ, ಮನುಷ್ಯರ ಮುಖ ನೆನಪಿರುವುದಿಲ್ಲ, ಕಾಲುಗಳು ನೆನಪಿರುತ್ತವೆ! ಕಂಗ್ಟಿಯ ಅರ್ಧ ಊರಿನ ಕೂಸುಗಳಿಗೆ ಎಣ್ಣೆ ಹಚ್ಚಿ, ಕಾಲು ನೀವಿ, ಎರೆದವಳು ಅವಳೇ. ಮೀಸೆ ಹೊತ್ತ ಗಂಡಸರನ್ನೂ ಬಸ್ಸಿನಲ್ಲಿ ತಡೆದು, ನಿನ್ನ ಬಲಗಾಲು ಸೊಟ್ಟ ಇತ್ತು, ನಾನೇ ನೆಟ್ಟಗ ಮಾಡೀನಿ ಅನ್ನುತ್ತಾಳೆ. ಪಾಪ, ಅವರು ಎಲ್ಲಿ ನೋಡಬೇಕು?

ಹೋದ ವರ್ಷ ಅಳಿಯ ಬರುತ್ತಾನೆಂದು ಕಾಕಾ ಒಂದು ಜೀವಂತ ಬಾಯ್ಲರ್ ಕೋಳಿ ತಂದ. ಜಹೀರಾಬಾದಿನಿಂದ ಬಂದಿದ್ದ ನಾನೂ ಅಲ್ಲೇ ಇದ್ದೆ. ಅಂಗಳದಲ್ಲಿ ಬಿಟ್ಟರೆ ಅದು ಏಳಲೇ ಇಲ್ಲ. ಎದೆ ತಲೆದಿಂಬಿನಷ್ಟು, ಕಾಲು ನಡುಗುವ ಕಡ್ಡಿ, ದನಿ ಮಾತ್ರ ಇನ್ನೂ ಮರಿಯದು: ಚಿಂವ್ ಚಿಂವ್! ಕುಂಟ ಕೋಳಿ ಕೊಟ್ಟಿದ್ದಾನೆಂದು ಕಾಕಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೇ ನಡೆದಳು.

ಅಂಗಡಿಯವ ನಕ್ಕ. "ಕುಂಟ ಅಲ್ಲವ್ವಾ. ಲಗೂ ಮಾಂಸ ಬರ್ಲಿ ಅಂತ ಇದರ ತಳೀನೇ ಹಂಗ ಮಾಡ್ಯಾರ. ಮೈ ಮುಂದ ಓಡ್ತದ, ಕಾಲು, ಗುಂಡಿಗಿ ಹಿಂದ ಉಳೀತಾವ. ಇದಕ್ಕ ನಲವತ್ತು ದಿನ ಅಷ್ಟೇ."

ಅಷ್ಟೇ ಸಾಕಾಯಿತು. ನಲವತ್ತು ದಿನದ ಕೂಸನ್ನು ಕೊಯ್ಯುವುದೇ! ಮನೆಗೆ ಬಂದವಳೇ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ, ಕಾಲು ಚಾಚಿ ಕೂತು, ಕೋಳಿಯನ್ನು ಕಾಲ ಮೇಲೆ ಮಲಗಿಸಿಕೊಂಡು, ಅದರ ಕಿವಿಗೆ ಏನೋ ಪಿಸುಗುಟ್ಟುತ್ತ ನೀವತೊಡಗಿದಳು. ಅಳಿಯ ಬದನೆಕಾಯಿ ಪಲ್ಯ ಉಂಡ.

ಎರಡು ವಾರದಲ್ಲಿ ಅದು ತಾನೇ ಸಾಯುತ್ತದೆ ಎಂದು ಕಾಕಾ ವಾದಿಸಿದ. ಕಾಕಿ ಕೇಳಬೇಕಲ್ಲ! ಕೂತಲ್ಲೇ ತಿನ್ನುವ ಕೋಳಿಯ ಜೋಳದ ಬಟ್ಟಲನ್ನು ದಿನಕ್ಕೊಂದು ಗೇಣು ದೂರ ಇಟ್ಟಳು. ಅದು ತೆವಳಿತು, ಕೂತಿತು, ಕೋಳಿಗಳಿಗೂ ಬೈಗಳು ಬರುತ್ತಿದ್ದರೆ ಬೈಯುತ್ತಿತ್ತು. ಕೊನೆಗೊಂದು ಮುಂಜಾನೆ ಎದ್ದು ಮೂರು ಹೆಜ್ಜೆ ಇಟ್ಟೇಬಿಟ್ಟಿತು! ಕಾಕಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮರುವಾರ, ತಿನ್ನುತ್ತಿದ್ದಂತೆಯೇ, ಅದರ ಗುಂಡಿಗೆ ನಿಂತಿತು. ಕೋಳಿಯ ಸಾವಿಗೆ ಜಹೀರಾಬಾದಿನಿಂದ ಬಸ್ಸು ಹತ್ತಿದವಳು ನಾನೊಬ್ಬಳೇ ಇರಬೇಕು!

"ನಾ ಹೇಳಿರಲಿಲ್ಲೇನು?" ಎಂದ ಕಾಕಾ.

"ಹೇಳಿದ್ರಿ. ಆದ್ರ ಅದು ನಡದು ಸತ್ತದರೀ. ಆ ಅಂಗಡ್ಯಾಗಿನ ಬ್ಯಾರೇ ಒಂದಾದ್ರೂ ನಡದದೇನು?"

ಅದರ ಕಿವಿಗೆ ಏನು ಹೇಳುತ್ತಿದ್ದೆ ಎಂದು ಕಾಕಿಯನ್ನು ಕೇಳಿದೆ.

"ನಿನಗ ಹೇಳಿದ್ದೇ. ಮಂದಿ ಮಾತು ಕೇಳಬ್ಯಾಡ, ನಡಿ."

ಮೂರು ವರ್ಷ ತುಂಬಿದರೂ ನಾನು ಎದ್ದು ನಿಂತಿರಲಿಲ್ಲವಂತೆ. ಡಾಕ್ಟರೂ ಕೈಚೆಲ್ಲಿದ್ದರಂತೆ. ನನ್ನ ಗಂಜಿಯ ಬಟ್ಟಲೂ ಹೀಗೇ ಗೇಣುಗೇಣು ದೂರ ಸರಿದಿತ್ತಂತೆ.

ಅವತ್ತು ಆಟೋ ಬೇಡವೆಂದು ಬಸ್ ಸ್ಟ್ಯಾಂಡಿಗೆ ನಡೆದೇ ಹೊರಟೆ. ತಿರುಗಿ ನೋಡಿದರೆ ಕಾಕಿ ಬಾಗಿಲಲ್ಲಿ ನಿಂತಿದ್ದಳು, ನನ್ನ ಕಾಲುಗಳನ್ನೇ ನೋಡುತ್ತ.