ಹೊಸ ಫಿಲ್ಟರನ್ನು ಜೋಪಾನ ಮಾಡಲು ಮರಳಿಸಿದ ಮಿಸ್ತ್ರಿಯವರಿಗೆ

ಕಾಗವಾಡ ಸೀಮೆಯ ಸಮಸ್ತ ಟ್ರ್ಯಾಕ್ಟರುಗಳ ಧನ್ವಂತರಿಗಳೂ, ಗ್ರೀಸು ಮೆತ್ತಿದ ಕೈಯಿಂದಲೇ ಆಶೀರ್ವದಿಸುವವರೂ ಆದ ಮಾನ್ಯ ತವನಪ್ಪ ಮಿಸ್ತ್ರಿಯವರ ಸನ್ನಿಧಿಗೆ, ಮಂಗಸೂಳಿಯ ದ್ರಾಕ್ಷಿ ಬೆಳೆಗಾರ ಆಬಾಸಾಹೇಬನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕೀರ್ತಿ ನಾಲ್ಕು ಮಂದಿಗೆ ತಿಳಿಯಲೆಂದು ಇದರ ಒಂದು ಪ್ರತಿಯನ್ನು ತಮ್ಮ ಗ್ಯಾರೇಜಿನೆದುರಿನ ಚಹಾದಂಗಡಿಯ ಗೋಡೆಗೂ ಅಂಟಿಸಿದ್ದೇನೆ, ಸಿಟ್ಟಾಗಬಾರದು.

ನಿನ್ನೆ ಊಟವಾಗಿ ಕಣ್ಣು ಹತ್ತಿದ್ದೇ ತಡ, ಕೆಟ್ಟ ಕನಸು ಬಿತ್ತು. ನಮ್ಮ ಪಿಕಪ್ ಗಾಡಿ ದ್ರಾಕ್ಷಿ ಹೇರಿಕೊಂಡು ಕೆನಾಲಿನ ಏರು ಹತ್ತುತ್ತಿದೆ. ನನ್ನ ಹೆಂಡತಿ ಸುಂದರಾ ಎಕ್ಸಲೇಟರ್ ತುಳಿದಷ್ಟೂ ಇಂಜಿನ್ ಹುಲಿಯಂತೆ ಗರ್ಜಿಸುತ್ತದೆ, ಗಾಡಿ ಮಾತ್ರ ಹಿಂದಹಿಂದಕ್ಕೆ ನೀರಿನ ಕಡೆ ಜಾರುತ್ತದೆ. ನಾನು ಹಿಂದಿನಿಂದ ಹೆಗಲು ಕೊಟ್ಟು ನಿಂತಿದ್ದೇನೆ. ತಾವು ದಂಡೆಯ ಮೇಲೆ ಎಲೆ-ಅಡಿಕೆ ಮೆಲ್ಲುತ್ತ, "ಸೆಟ್ ಆಗ್ತೈತ್ರಿ, ಗಾಬರಿ ಆಗಬ್ಯಾಡ್ರಿ" ಅನ್ನುತ್ತಿದ್ದೀರಿ. ಎಚ್ಚರವಾದಾಗ ಹೆಗಲು ನಿಜವಾಗಿಯೂ ನೋಯುತ್ತಿತ್ತು.

ನಮ್ಮದು ಕ್ಲಚ್ ಇಲ್ಲದ, ಗೇರು ತಾನೇ ಬದಲಾಗುವ ಗಾಡಿ. "ಮೂಗದಾರ ಇಲ್ಲದ ಎತ್ತು ತಂದಾನ ನೋಡ್ರಿ" ಎಂದು ತಮ್ಮ ಗ್ಯಾರೇಜಿನಲ್ಲಿ ನಕ್ಕವರು ಎಷ್ಟೋ ಮಂದಿ. ಆದರೆ ದ್ರಾಕ್ಷಿ ಚಪ್ಪರದಿಂದ ಬಿದ್ದಂದಿನಿಂದ ಸುಂದರಾಳ ಎಡ ಮೊಣಕಾಲು ಮಡಚುವುದಿಲ್ಲ. ಕ್ಲಚ್ ತುಳಿಯಲಾರದ ಆಕೆ ತೋಟದಿಂದ ಒಣದ್ರಾಕ್ಷಿ ಶೆಡ್ಡಿನವರೆಗೆ ಯಾರ ಹಂಗೂ ಇಲ್ಲದೆ ಓಡಾಡುವುದು ಈ ಗಾಡಿಯೊಂದರಿಂದಲೇ. ಹಾಗೆಂದೇ ಗೇರು ಬೀಳುವಾಗ ಗಾಡಿ ಜಗ್ಗತೊಡಗಿದ ಕೂಡಲೇ ಕೊಲ್ಹಾಪುರಕ್ಕೆ ಓಡಿ, ಗೇರುಪೆಟ್ಟಿಗೆಯ ಎಣ್ಣೆಯನ್ನೂ ಫಿಲ್ಟರನ್ನೂ ತಂದು ತಮ್ಮ ಪಾದದಲ್ಲಿಟ್ಟೆ.

ತಾವು ಎಣ್ಣೆ ಬದಲಿಸಿ, ಚಕ್ರಕ್ಕೆ ಕುಂಕುಮ ಹಚ್ಚಿ, ಹೊಸ ಫಿಲ್ಟರನ್ನು ಡಬ್ಬಿ ಸಮೇತ ನನ್ನ ಕೈಗೇ ಮರಳಿಸಿ ಅಪ್ಪಣೆ ಕೊಡಿಸಿದಿರಿ: "ಅಲ್ರೀ ಆಬಾಸಾಹೇಬ್ರ, ಹೊಸಾದು ಯಾಕ ಹಾಳ ಮಾಡೂದು? ಹಳೇದನ್ನ ಡಿಸೇಲಿನ್ಯಾಗ ತೊಳದು, ಹವಾ ಹೊಡದು ಹಾಕೀನಿ, ಲಕಲಕ ಅನ್ನಾಕತ್ತೈತಿ. ಇದನ್ನ ಮನ್ಯಾಗ ಜ್ವಾಕಿ ಇಡ್ರಿ."

ಇಂಥ ಮಿತವ್ಯಯ ಎಲ್ಲಿ ಸಿಕ್ಕೀತು! ಕಬ್ಬಿನ ಟ್ರ್ಯಾಕ್ಟರಿನ ತಂತಿಜಾಳಿಗೆಯ ಫಿಲ್ಟರನ್ನು ತೊಳೆದು ಹಾಕಿದ ಕೈ ಇದನ್ನೂ ತೊಳೆದಿದ್ದು ಸಹಜ. ಡಬ್ಬಿಯ ಮೇಲೆ ಬಕೆಟ್ ಮತ್ತು ಬ್ರಷ್ಷಿನ ಚಿತ್ರ ಬರೆದು ಅಡ್ಡಗೆರೆ ಎಳೆದಿದ್ದಾರೆ, ಐದನೇ ಇಯತ್ತೆಗೆ ಶಾಲೆ ಬಿಟ್ಟ ನನಗೇ ತಿಳಿಯುವ ಹಾಗೆ. ಆದರೆ ಚಿತ್ರ ನೋಡಿ ಕೆಲಸ ಮಾಡುವುದು ತಮ್ಮಂಥ ದೊಡ್ಡವರಿಗೆ ಒಪ್ಪುವುದೇ? ಸುಂದರಾಳಿಗೆ ಮಾತ್ರ ತಿಳಿವಳಿಕೆ ಕಡಿಮೆ. "ಫಿಲ್ಟರ್ ಅಂದ್ರ ಮದುವಿ ಸೀರಿ ಅಂತ ತಿಳದಾನೇನು ನಿಮ್ಮ ಮಿಸ್ತ್ರಿ, ಟ್ರಂಕಿನ್ಯಾಗ ಮಡಚಿ ಇಡಾಕ?" ಎಂದು ನನ್ನನ್ನೇ ಝಾಡಿಸಿದಳು.

ಒಳಗಿನ ನಾರುಬಟ್ಟೆಗೆ ಹಿಡಿದ ಕೆಸರು ಡೀಸೆಲ್ಲಿಗೆ ಬಿಟ್ಟಿಲ್ಲವೆಂದು ಕಾಣುತ್ತದೆ, ಗೇರಿಗೆ ಎಣ್ಣೆ ಮೇಲೇರುತ್ತಿಲ್ಲ. ಈಗ ಗಾಡಿ ಸಪಾಟು ರಸ್ತೆಯಲ್ಲಿ ನಡೆಯುತ್ತದೆ, ಏರು ಬಂದರೆ ನಿಂತು ವಿಚಾರ ಮಾಡುತ್ತದೆ. ನಾಡಿದ್ದು ಕೊಯ್ಲಿನ ಹೆಣ್ಣಾಳುಗಳು ಬರುತ್ತಾರೆ, ಹೇರಿದ ಗಾಡಿಯನ್ನು ಅದೇ ಕೆನಾಲಿನ ಏರಿನಲ್ಲಿ ಸುಂದರಾ ಒಬ್ಬಳೇ ಹೊಡೆಯಬೇಕು.

ಆದ್ದರಿಂದ ಗಾಡಿ ಸೆಟ್ ಆಗುವವರೆಗೆ ನೀರಾವರಿ ಇಲಾಖೆಗೆ ಒಂದು ಮಾತು ಹೇಳಿ ಆ ಏರನ್ನು ಸಪಾಟು ಮಾಡಿಸಬೇಕು. ಕೊಯ್ದ ದ್ರಾಕ್ಷಿಗೆ ಬಿಸಿಲಿನಲ್ಲಿ ಕೊಳೆಯಬಾರದೆಂದು ತಾಕೀತು ಮಾಡಬೇಕು. ತಮ್ಮ ಪದ್ಧತಿಯನ್ನು ದೊಡ್ಡ ದವಾಖಾನೆಗಳಿಗೂ ಕಲಿಸಿ, ಹೊಸ ಹೃದಯವನ್ನು ರೋಗಿಯ ಮನೆಯವರ ಕೈಗೆ ಜ್ವಾಕಿ ಇಡಲು ಕೊಟ್ಟು, ಹಳೆಯದಕ್ಕೇ ಹವಾ ಹೊಡೆದು ಕೂಡಿಸುವಂತೆ ಮಾಡಬೇಕು. ಇವು ಆಗದಿದ್ದರೆ, ಫಿಲ್ಟರನ್ನಾದರೂ ಹಾಕಿಕೊಡಬೇಕು.

ಇಷ್ಟಾದರೂ ತಮ್ಮ ಮೇಲೆ ವಿಶ್ವಾಸ ಇಡಲು ಹೆಣಗುತ್ತಿರುವ,
ಆಬಾಸಾಹೇಬ, ಮಂಗಸೂಳಿ

ತಾ.ಕ.: ನಾಳೆ ಬೆಳಿಗ್ಗೆ ಸುಂದರಾಳೇ ಗಾಡಿ ತರುತ್ತಾಳೆ. ಕೆಲಸ ಮುಗಿದ ಮೇಲೆ ಹಿಂದೆ ಕಲ್ಲು ಹೇರಿ, ತಮ್ಮನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಕೆನಾಲಿನ ಏರಿನ ನಡುಮಧ್ಯೆ ಒಮ್ಮೆ ನಿಲ್ಲಿಸಿ ಹತ್ತಿಸುತ್ತಾಳಂತೆ. ಕೊಲ್ಹಾಪುರದ ಅಂಗಡಿಯವರು ಹೇಳಿದ ಪ್ರಕಾರ ಈ ಗಾಡಿಯ ಗೇರುಪೆಟ್ಟಿಗೆಯ ಎಣ್ಣೆಯ ಮಟ್ಟವನ್ನು ಇಂಜಿನ್ ಚಾಲೂ ಇಟ್ಟೇ ನೋಡಬೇಕಂತೆ. ತಾವು ಬಂದ್ ಮಾಡಿ ನೋಡಿದ್ದಿರಿ. ತಾವು ಒಳಗೆ ಕೂರುವ ಮುಂಚೆ ಅದೊಂದನ್ನು ಇನ್ನೊಮ್ಮೆ ನೋಡಿಬಿಡಿ.